ಕಾಲಿಗೆ ಎರಡು ಖಾತೆಗಳಿಲ್ಲ

(ಸಂಘದ ಹಿರಿಯ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲಿನಲ್ಲಿ ದುಡಿಯುವವರಿಗೆ, ಗಿರಣಿಯಲ್ಲಿ ದುಡಿದು ಬಂದವರಿಗೆ ಓಟದ ಮಾತೇಕೆ ಎಂದು ಕೆಲವರು ಕೇಳುತ್ತಾರೆ. ದಿನವೆಲ್ಲ ಟೇಬಲಿನಿಂದ ಭಟ್ಟಿಗೆ, ಭಟ್ಟಿಯಿಂದ ಟೇಬಲಿಗೆ ಓಡುವುದು ಸಾಲದೇ ಎಂಬುದು ಅವರ ವಾದ. ಆದರೆ ಆ ಓಟ ಧಣಿಯದು. ಬೆಳಗಿನ ಹೊತ್ತು ಶಿವಾಜಿ ಪಾರ್ಕಿನ ಸುತ್ತಲೋ ಮರೀನ್ ಡ್ರೈವಿನ ದಂಡೆಯಲ್ಲೋ ಓಡುವ ಅರ್ಧ ತಾಸು ಮಾತ್ರ ನಮ್ಮದು. 2004ರಲ್ಲಿ ಮುಂಬಯಿ ಮ್ಯಾರಥಾನ್ ಆರಂಭವಾದ ಮೇಲೆ, ಓಟವೆಂಬುದು ಕಾಲೇಜು ಹುಡುಗರ ಸೊತ್ತಲ್ಲವೆಂದು ಈ ನಗರಕ್ಕೂ ತಿಳಿಯಿತು.

ಹಿರಿಯರಿಗೆ ಬುದ್ಧಿ ಹೇಳುವ ವಯಸ್ಸು ನಮ್ಮದಲ್ಲ. ಆದರೂ ಒಂದು ಮಾತನ್ನು ನಿಮ್ಮ ಮುಂದಿಡಬೇಕಾಗಿದೆ. ನಮ್ಮ ಚಿಂತೆ ಓಡುತ್ತಿರುವವರದಲ್ಲ, ನಿಂತುಬಿಟ್ಟವರದು. ಹಿಮ್ಮಡಿ ನೋವೆಂದು ಎರಡು ವಾರ ಬಿಟ್ಟವರು ಎರಡು ವರ್ಷವಾದರೂ ಬರುವುದಿಲ್ಲ. ಇನ್ನು ಕೆಲವರು ನೋವನ್ನು ಯಾರಿಗೂ ಹೇಳದೆ, ಹಲ್ಲು ಕಚ್ಚಿ ಓಡಿ, ಕೊನೆಗೆ ಕುಂಟುತ್ತಾರೆ. ಒಬ್ಬರು ಹೆದರಿದವರು, ಇನ್ನೊಬ್ಬರು ಹಟ ಹಿಡಿದವರು. ಕಟ್ಟಕಡೆಗೆ ಇಬ್ಬರೂ ತಲುಪುವುದು ಖೋಲಿಯ ಮೂಲೆಗೇ.

"ವಯಸ್ಸಾಯಿತು, ಇನ್ನೇನು ಓಟ?" ಎಂಬ ಮಾತನ್ನು ಮೊದಲು ನೋಡೋಣ. ಪಂಜಾಬಿನ ಜಲಂಧರದ ಬಳಿಯ ಬಿಯಾಸ್ ಹಳ್ಳಿಯ ರೈತ ಫೌಜಾ ಸಿಂಗರು ಮೊದಲ ಮ್ಯಾರಥಾನ್ ಓಡಿದ್ದು 2000ದಲ್ಲಿ, ಲಂಡನ್ನಿನಲ್ಲಿ. ಆಗ ಅವರ ವಯಸ್ಸು 89. 2011ರಲ್ಲಿ ಟೊರಾಂಟೋದಲ್ಲಿ ನೂರರ ವಯಸ್ಸಿನಲ್ಲಿ 42 ಕಿಲೋಮೀಟರನ್ನು 8 ತಾಸು 11 ನಿಮಿಷಗಳಲ್ಲಿ ಮುಗಿಸಿದರು. ಜನನದ ಸರ್ಟಿಫಿಕೇಟು ಇಲ್ಲವೆಂದು ಗಿನ್ನೆಸ್‌ನವರು ದಾಖಲೆಯನ್ನು ಒಪ್ಪಲಿಲ್ಲ. ಕಾಗದವಿಲ್ಲದ ಕಷ್ಟ ನಮ್ಮವರಿಗೂ ಗೊತ್ತಿರುವುದೇ! 2025ರ ಜುಲೈಯಲ್ಲಿ ಅವರು ತೀರಿಕೊಂಡದ್ದು ಮುಪ್ಪಿನ ರೋಗದಿಂದಲ್ಲ, ತಮ್ಮ ಹಳ್ಳಿಯ ರಸ್ತೆಯಲ್ಲಿ ವಾಹನ ಬಡಿದು.

ಕೆನಡಾದ ಎಡ್ ವಿಟ್ಲಾಕ್ ಎಂಬವರು 2004ರಲ್ಲಿ, 73ನೆಯ ವಯಸ್ಸಿನಲ್ಲಿ, ಮ್ಯಾರಥಾನನ್ನು 2 ತಾಸು 54 ನಿಮಿಷಗಳಲ್ಲಿ ಓಡಿದರು. ಅವರ ಅಭ್ಯಾಸದ ಜಾಗ ಮನೆಯ ಹತ್ತಿರದ ಒಂದು ಸ್ಮಶಾನ. ಅದನ್ನೇ ತಾಸುಗಟ್ಟಲೆ ಸುತ್ತುತ್ತಿದ್ದರು. ಮೊಣಕಾಲಿನ ತೊಂದರೆಯಿಂದ ಎಷ್ಟೋ ಸಲ ತಿಂಗಳುಗಟ್ಟಲೆ ಓಟ ನಿಲ್ಲಿಸಬೇಕಾಯಿತು. ನಿಲ್ಲಿಸಿದರು, ಮತ್ತೆ ಸ್ವಲ್ಪ ಸ್ವಲ್ಪವಾಗಿ ಏರಿಸಿದರು. ನಾವು ಅವರಿಂದ ಕಲಿಯಬೇಕಾದುದು ಅವರ ವೇಗವನ್ನಲ್ಲ, ಹೀಗೆ ಮರಳಿ ಬರುವ ತಾಳ್ಮೆಯನ್ನು.

ಓಡಿದರೆ ಕೀಲು ಸವೆಯುತ್ತದೆಯೆಂಬ ಭಯವೂ ಇದೆ. ಅಮೇರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 1984ರಿಂದ ಐವತ್ತು ದಾಟಿದ ಓಟಗಾರರನ್ನೂ ಓಡದವರನ್ನೂ ಹೋಲಿಸುತ್ತ ಬಂದು, 2008ರಲ್ಲಿ ಫಲಿತಾಂಶ ಪ್ರಕಟಿಸಿದರು. 19 ವರ್ಷಗಳಾಗುವಷ್ಟರಲ್ಲಿ ಓಡದವರಲ್ಲಿ ನೂರಕ್ಕೆ 34 ಮಂದಿ, ಓಟಗಾರರಲ್ಲಿ ನೂರಕ್ಕೆ 15 ಮಂದಿ ತೀರಿಕೊಂಡಿದ್ದರು. ಓಟಗಾರರು ಮೊದಲೇ ಗಟ್ಟಿಗರಿದ್ದಿರಬಹುದು, ನಿಜ. ಆದರೆ ಓಟವು ಮನುಷ್ಯನನ್ನು ಬೇಗ ಮೂಲೆಗೆ ಕೂರಿಸುತ್ತದೆಯೆಂಬುದಕ್ಕೆ ಅಲ್ಲಿ ಆಧಾರ ಸಿಗಲಿಲ್ಲ. ಓಟಗಾರರ ಕೈಕಾಲುಗಳೇ ಹೆಚ್ಚು ಕಾಲ ಗಟ್ಟಿಯಾಗಿ ಉಳಿದವು.

ಹಾಗಾದರೆ ನೋವು ಬರುವುದೇಕೆ? ವಯಸ್ಸಾದಂತೆ ಮಾಂಸಖಂಡ ಕರಗುತ್ತದೆ, ಹಿಮ್ಮಡಿಯ ಮೇಲೆ ಹಗ್ಗದಂತೆ ಬಿಗಿದಿರುವ, ನಾವು ನರವೆನ್ನುವ ಸ್ನಾಯುರಜ್ಜು ನಿಧಾನವಾಗಿ ಮಾಯುತ್ತದೆ. ಇದು ಎಲ್ಲ ಹಿರಿಯರಿಗೂ ಅನ್ವಯಿಸುವ ಮಾತು. ನಮ್ಮವರಿಗೆ ಇನ್ನೊಂದು ಕಾರಣವಿದೆ. ಆಫೀಸಿನವನು ಐದು ಮೈಲಿ ಓಡಿ ಕುರ್ಚಿಯಲ್ಲಿ ಕೂರುತ್ತಾನೆ. ನಮ್ಮವನು ಎರಡು ಮೈಲಿ ಓಡಿ, ಸವೆದ ಹವಾಯಿ ಚಪ್ಪಲಿಯಲ್ಲಿ, ಒದ್ದೆ ನೆಲದ ಮೇಲೆ ಹತ್ತು ತಾಸು ನಿಲ್ಲುತ್ತಾನೆ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಗೆ ಮುಳ್ಳು ಚುಚ್ಚಿದಂತಾದರೆ ದೋಷವನ್ನೆಲ್ಲ ಓಟದ ತಲೆಗೆ ಕಟ್ಟುತ್ತೇವೆ. ಧಣಿಯ ಲೆಕ್ಕ ಬೇರೆ, ನಮ್ಮ ಲೆಕ್ಕ ಬೇರೆ ಎಂದು ಕಾಲಿಗೆ ಎರಡು ಖಾತೆಗಳಿಲ್ಲ. ನಿಂತದ್ದೂ ಹೊತ್ತದ್ದೂ ಓಡಿದ್ದೂ ಒಂದೇ ಪುಸ್ತಕದಲ್ಲಿ ಬರೆದುಹೋಗುತ್ತದೆ. ಆದುದರಿಂದ ಜೊತೆಗಾರ ಊರಿಗೆ ಹೋಗಿ ಎರಡು ಪಾಳಿ ಮಾಡಿದ ದಿನ, ಹಬ್ಬದ ನೂಕುನುಗ್ಗಲಿನ ದಿನ, ಮರುಬೆಳಿಗ್ಗೆ ಓಡದೆ ನಡೆಯಿರಿ. ಅದು ಸೋಲಲ್ಲ, ಲೆಕ್ಕ ಸರಿದೂಗಿಸುವುದು.

ಸಣ್ಣಪುಟ್ಟ ನೋವಾದಾಗ ಪೂರ್ಣ ವಿಶ್ರಾಂತಿ, ಮಂಜುಗಡ್ಡೆ ಎಂಬ ಸಲಹೆ ಬಹಳ ಕಾಲ ನಡೆಯಿತು. 1978ರಲ್ಲಿ ಅದನ್ನು ಪ್ರಚಾರಕ್ಕೆ ತಂದ ಡಾಕ್ಟರ್ ಗೇಬ್ ಮಿರ್ಕಿನ್ನರೇ 2014ರಲ್ಲಿ, ಮಂಜುಗಡ್ಡೆಯೂ ಪೂರ್ತಿ ವಿಶ್ರಾಂತಿಯೂ ಮಾಯುವುದನ್ನು ತಡಮಾಡಬಹುದೆಂದು ಹೇಳಿದರು. ಮೊದಲ ಒಂದೆರಡು ದಿನ ಕಾಲಿಗೆ ಬಿಡುವು ಕೊಡಿ. ಆಮೇಲೆ ನೋವು ತಾಳುವಷ್ಟು ಆಡಿಸಿರಿ.

ಹಿಮ್ಮಡಿಯ ನರದ ನೋವಿಗೆ ಸ್ವೀಡನ್ನಿನ ಆಲ್ಫ್ರೆಡ್ಸನ್ ಮತ್ತು ಅವರ ಸಂಗಡಿಗರು 1998ರಲ್ಲಿ ಒಂದು ವ್ಯಾಯಾಮವನ್ನು ಪ್ರಕಟಿಸಿದರು. ಅದಕ್ಕೆ ಬೇಕಾದುದು ಒಂದು ಮೆಟ್ಟಿಲು ಮಾತ್ರ. ಚಾಳಿನಲ್ಲಿ ಮೆಟ್ಟಿಲಿಗೇನು ಕೊರತೆ? ಗೋಡೆ ಹಿಡಿದು, ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ ನಿಲ್ಲಬೇಕು. ಸರಿಯಿರುವ ಕಾಲಿನ ಬಲದಿಂದ ಮೇಲೇರಿ, ಭಾರವನ್ನು ನೋಯುವ ಕಾಲಿಗೆ ಬದಲಿಸಿ, ಅದರ ಹಿಮ್ಮಡಿಯನ್ನು ನಿಧಾನವಾಗಿ ಕೆಳಕ್ಕಿಳಿಸಬೇಕು. ಮೊಣಕಾಲು ನೆಟ್ಟಗಿಟ್ಟು ಹದಿನೈದರಂತೆ ಮೂರು ಸಲ, ಸ್ವಲ್ಪ ಬಗ್ಗಿಸಿ ಅಷ್ಟೇ. ದಿನಕ್ಕೆರಡು ಹೊತ್ತು, 12 ವಾರ. ಆ ಪ್ರಯೋಗದಲ್ಲಿ ಹೀಗೆ ಮಾಡಿದ ಹದಿನೈದು ಓಟಗಾರರೂ ಮರಳಿ ಓಡಿದರು. ಎಲ್ಲರಿಗೂ ಅಷ್ಟೇ ಫಲ ಸಿಕ್ಕೀತೆಂದಲ್ಲ. ನೋವು ನರದ ನಡುವೆ ಇರದೆ ಹಿಮ್ಮಡಿಯ ಮೂಳೆಗೆ ತಾಗಿದ್ದರೆ ಮೆಟ್ಟಿಲಿಗಿಂತ ಕೆಳಗೆ ಇಳಿಸಬಾರದು. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳುವುದು ತೊಡೆಗೆ ಒಳ್ಳೆಯದು.

ನೋವಿಗೆ ಒಂದು ಸರಳ ಅಳತೆ ಇಟ್ಟುಕೊಳ್ಳೋಣ. ಓಡುವಾಗ ಸ್ವಲ್ಪ ನೋವಿದ್ದು, ಮರುಬೆಳಿಗ್ಗೆ ಮೊದಲಿನಂತೆಯೇ ಇದ್ದರೆ ಮುಂದುವರಿಯಬಹುದು. ಮರುದಿನ ಹೆಚ್ಚಾದರೆ ಓಟವನ್ನು ಕಡಿಮೆ ಮಾಡಿ. ಕುಂಟುವಂತಾದರೆ ಅಲ್ಲಿಯೇ ನಿಲ್ಲಿ. ಮೂಳೆಯ ಒಂದೇ ಚುಕ್ಕೆಯಲ್ಲಿ ಒತ್ತಿದರೆ ನೋವು, ರಾತ್ರಿ ನಿದ್ದೆಗೆಡಿಸುವ ನೋವು, ಮೀನಖಂಡದಲ್ಲಿ ಬಾವು, ಇವಕ್ಕೆ ಎಣ್ಣೆ ತಿಕ್ಕುತ್ತ ಕೂರದೆ ಡಾಕ್ಟರರನ್ನು ಕಾಣಬೇಕು. ಎದೆ ಬಿಗಿದರೆ, ಉಸಿರು ಕಟ್ಟಿದರೆ, ಬವಳಿ ಬಂದರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮರಳಿ ಬರುವಾಗ ನಾಲ್ಕು ನಿಮಿಷ ನಡಿಗೆ, ಒಂದು ನಿಮಿಷ ಓಟ. ಹೀಗೆ ಇಪ್ಪತ್ತು ನಿಮಿಷ, ದಿನ ಬಿಟ್ಟು ದಿನ. ಒಂದು ವಾರ ತೊಂದರೆಯಿಲ್ಲದಿದ್ದರೆ ಮೂರಕ್ಕೆರಡು ಮಾಡಿ. ಇಲ್ಲೊಂದು ಮೋಸವಿದೆ: ಉಸಿರಿನ ಶಕ್ತಿ ಬೇಗ ಮರಳುತ್ತದೆ, ನರದ ಶಕ್ತಿ ತಡವಾಗಿ. ಎದೆ "ಓಡು" ಎಂದಾಗ ಹಿಮ್ಮಡಿಯ ಅಭಿಪ್ರಾಯವನ್ನೂ ಕೇಳಬೇಕು.

ಬಂಧುಗಳೆ, ಇದು ಮೈಯ ಮಾತಷ್ಟೇ ಅಲ್ಲ, ಹಕ್ಕಿನ ಮಾತೂ ಹೌದು. ನಮ್ಮವರು ನೋವನ್ನು ಮುಚ್ಚಿಡುವುದು ಕೂಲಿ ಹೋದೀತೆಂಬ ಭಯದಿಂದ. ಇ.ಎಸ್.ಐ. ಸೌಲಭ್ಯವಿದ್ದು, ಆರು ತಿಂಗಳ ಅವಧಿಯಲ್ಲಿ 78 ದಿನಗಳ ವಂತಿಗೆ ಸಂದಿದ್ದರೆ, ಡಾಕ್ಟರರ ಸರ್ಟಿಫಿಕೇಟಿನ ಮೇಲೆ ವರ್ಷಕ್ಕೆ 91 ದಿನಗಳವರೆಗೆ ವೇತನದ ನೂರಕ್ಕೆ 70ರಷ್ಟು ದೊರೆಯುತ್ತದೆ. ಅದು ಭಿಕ್ಷೆಯಲ್ಲ, ನಮ್ಮ ಸಂಬಳದಿಂದ ಮುರಿದ ಹಣವೂ ಅದರಲ್ಲಿದೆ. ದುಡಿಯುವವರು ಕೂರಲು ಆಸನವಿರಬೇಕೆಂದು ಅಂಗಡಿಗಳ ಕಾನೂನಿಗೆ ಕೇರಳದವರು 2018ರಲ್ಲಿ, ತಮಿಳುನಾಡಿನವರು 2021ರಲ್ಲಿ ತಿದ್ದುಪಡಿ ತಂದರು. ಗಿರಾಕಿ ಇಲ್ಲದಾಗ ಐದು ನಿಮಿಷ ಕೂರಲು ಒಂದು ಸ್ಟೂಲು ಕೇಳುವುದು ಸೋಮಾರಿತನವಲ್ಲ. ನಮ್ಮ ಸಂಘವೂ ಅದನ್ನು ಕೇಳಬೇಕು.

1982ರ ಜನವರಿ 18ರಂದು ಗಿರಣಿಗಳ ಮುಷ್ಕರ ಆರಂಭವಾದಾಗ ಇಪ್ಪತ್ತೈದರ ತರುಣರಾಗಿದ್ದವರು ಇಂದು ಎಪ್ಪತ್ತರ ಹತ್ತಿರವಿದ್ದಾರೆ. ಗಿರಣಿ ಹೋಯಿತು, ಕೆಲಸ ಹೋಯಿತು. ಉಳಿದಿರುವ ಬಂಡವಾಳ ಈ ಎರಡು ಕಾಲುಗಳು. ಆದುದರಿಂದ ಒಂದು ಸಲಹೆಯನ್ನು ಸಭೆಯ ಮುಂದಿಡುತ್ತೇವೆ. ಬೆಳಗಿನ ಓಟಕ್ಕೆ ಬರುತ್ತಿದ್ದವರು ಮೂರು ದಿನ ಕಾಣದಿದ್ದರೆ ಒಬ್ಬರು ಅವರ ಖೋಲಿಗೆ ಹೋಗಿ ವಿಚಾರಿಸಲಿ. ಓಡಲಾರದವರು ನಡೆಯಲಿ, ನಡೆಯಲಾರದವರು ಬೆಂಚಿನ ಮೇಲೆ ಕುಳಿತು ಉಳಿದವರ ಸುತ್ತುಗಳನ್ನು ಎಣಿಸಲಿ. ಬೆಳಿಗ್ಗೆ ಎದ್ದು ಆ ಜಾಗಕ್ಕೆ ಬರುವ ರೂಢಿ ಮಾತ್ರ ತಪ್ಪದಿರಲಿ. ರೂಢಿ ಉಳಿದರೆ ಓಟ ತಾನಾಗಿ ಮರಳೀತು.