ತುಣುಕು ಯಾರಿಗೆ, ರಸ್ಸಾ ಯಾರಿಗೆ?

(ಬಾನುಲಿ ಭಾಷಣ)

ನಮ್ಮ ಬೋರಗಾಂವದ ಸೀಮೆಯವರಿಗೆ ‘ಬೈಸನ್’ ಎಂಬ ಇಂಗ್ಲಿಷ್ ಶಬ್ದ ಅಷ್ಟೇನೂ ಅಪರಿಚಿತವಲ್ಲ. ಕೊಲ್ಲಾಪುರದಿಂದ ಹೊರಟು, ರಾಧಾನಗರಿಯನ್ನು ದಾಟಿ ಸಹ್ಯಾದ್ರಿಯನ್ನು ಏರಿದರೆ ದಾಜೀಪುರ ಸಿಗುತ್ತದೆ. ಅಲ್ಲಿಯ ಕಾಡನ್ನು 1958ರಲ್ಲಿ ಬೈಸನ್ ಅಭಯಾರಣ್ಯವೆಂದು ಸಾರಿದರು. ಆ ಕಾಡುಗಳ ಮಗ್ಗುಲಿನಿಂದ ಇಳಿದು ಬರುವ ದೂಧಗಂಗೆಯೇ ನಮ್ಮ ಕಬ್ಬಿನ ಬಯಲನ್ನು ಹಾಯ್ದು, ಮುಂದೆ ಚಿಕ್ಕೋಡಿ ತಾಲ್ಲೂಕಿನಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಹೀಗಾಗಿ ಬೈಸನ್ನಿಗೂ ನಮಗೂ ಒಂದು ರೀತಿಯಲ್ಲಿ ನೀರಿನ ನಂಟು ಉಂಟು.

ಆದರೆ ದಾಜೀಪುರದ ಬೈಸನ್ ನಿಜವಾಗಿ ಬೈಸನ್ ಅಲ್ಲ. ಶಿಕಾರಿಗೆ ಬಂದ ಆಂಗ್ಲರು ಅದನ್ನು ಹಾಗೆ ಕರೆದರು, ಹೆಸರು ಉಳಿದುಬಿಟ್ಟಿತು. ಅದು ಮರಾಠಿಗರ ಗವಾ, ಕನ್ನಡಿಗರ ಕಾಟಿ, ಕಾಡುಕೋಣ. ಕಪ್ಪು ಮೈ, ಮೊಣಕಾಲಿನ ಕೆಳಗೆ ಬಿಳಿಯ ಕಾಲುಚೀಲ ತೊಟ್ಟಂಥ ಬಣ್ಣ. ದೊಡ್ಡ ಗಂಡು ಸಾವಿರ ಕಿಲೋದವರೆಗೂ ತೂಗಬಲ್ಲುದು. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಅದನ್ನು ಮೊದಲನೆಯ ಪರಿಶಿಷ್ಟದಲ್ಲಿಟ್ಟು ಕಾಪಾಡಿದೆ. ಅದನ್ನು ನೋಡಿ ಕೈಮುಗಿಯಬಹುದು. ಅದರ ಮಾಂಸದ ಮಾತನ್ನು ಎತ್ತುವಂತಿಲ್ಲ. ಎತ್ತದಿರುವುದೇ ಸರಿ.

ಈ ಮಾತು ಬಂದದ್ದು ಅಮೆರಿಕೆಯಲ್ಲಿ ನೆಲೆಸಿದ ನಮ್ಮ ಬಂಧುಗಳ ಹುಡುಗನೊಬ್ಬನ ಪ್ರಶ್ನೆಯಿಂದ. “ಕಾಕಾ, ಇಲ್ಲಿ ಅಂಗಡ್ಯಾಗ ಬೈಸನ್ ಮಾಂಸ ಸಿಗತೈತಿ. ಭಾಳ ಚಲೋ ಅಂತಾರ. ತಂದು ಬೇಯಿಸಿದರ ಚಪ್ಪಲಿ ಆದಂಗ ಆತು. ಯಾಕ?” ಎಂದು ಅವನು ಕೇಳಿದ. ಅವನು ಹೇಳುವ ಪ್ರಾಣಿ ನಿಜವಾದ ಬೈಸನ್: ಹೆಗಲ ಮೇಲೆ ಗುಡ್ಡದಂಥ ಉಬ್ಬು, ಕೊರಳಿನ ಸುತ್ತ ಕಂಬಳಿ ಹೊದ್ದಂಥ ಕೂದಲು. ಉತ್ತರ ಅಮೆರಿಕೆಯ ಹುಲ್ಲುಗಾವಲಿನಲ್ಲಿ ಒಂದು ಕಾಲಕ್ಕೆ ಕೋಟಿಗಟ್ಟಲೆ ಇದ್ದ ಈ ಪ್ರಾಣಿ, ತೊಗಲಿನ ವ್ಯಾಪಾರ, ರೈಲುದಾರಿ, ಮೂಲನಿವಾಸಿಗಳನ್ನು ಉಪವಾಸ ಕೆಡವುವ ರಾಜನೀತಿ, ಇವೆಲ್ಲ ಸೇರಿ, 1889ರ ಹೊತ್ತಿಗೆ ಸಾವಿರದ ಆಸುಪಾಸಿಗೆ ಇಳಿದಿತ್ತು. ಅಳಿದುಳಿದವನ್ನು ಕಾಪಾಡಿ ಬೆಳೆಸಿದರು. 2016ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ಅದನ್ನು ತನ್ನ ರಾಷ್ಟ್ರೀಯ ಸಸ್ತನಿಯೆಂದು ಗೌರವಿಸಿತು. ಇಂದು ಅಲ್ಲಿರುವ ಬೈಸನ್‌ಗಳಲ್ಲಿ ಹೆಚ್ಚಿನವು ಮಾಂಸಕ್ಕಾಗಿ ಸಾಕಿದವು. ಅದರ ‘ಸ್ಟೇಕ್’ ಅಲ್ಲಿ ಬೆಲೆಯುಳ್ಳ ಊಟ.

ಸ್ಟೇಕ್ ಎಂದರೆ ಸ್ನಾಯುವಿನ ಎಳೆಗೆ ಅಡ್ಡಲಾಗಿ ಕೊಯ್ದ, ಅಂಗುಲದಷ್ಟು ದಪ್ಪದ ಮಾಂಸದ ಹೋಳು. ಅದನ್ನು ಚೆನ್ನಾಗಿ ಒರೆಸಿ, ಉಪ್ಪು ಸವರಿ, ಕಾದ ಕಬ್ಬಿಣದ ಹಂಚಿನ ಮೇಲೆ ತುಸುವೇ ಎಣ್ಣೆ ಬಿಟ್ಟು, ಎರಡೂ ಮಗ್ಗುಲನ್ನು ಕೆಲವೇ ನಿಮಿಷ ಸುಡುತ್ತಾರೆ. ಒಳಗಿನ ಬಿಸಿ 63 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ ಕೆಳಗಿಳಿಸಿ, ಮೂರು ನಿಮಿಷ ಮುಟ್ಟದೆ ಬಿಡಬೇಕೆಂದು ಅಲ್ಲಿಯ ಕೃಷಿ ಇಲಾಖೆಯ ಸೂಚನೆ. ಕೊಚ್ಚಿದ ಮಾಂಸವಾದರೆ 71 ಡಿಗ್ರಿ ಆಗಲೇಬೇಕು. ದನದ ಸ್ಟೇಕಿನಲ್ಲಿ ಎಳೆಎಳೆಯ ನಡುವೆ ಕೊಬ್ಬು ಹರಡಿಕೊಂಡಿರುತ್ತದೆ. ಅದು ಕರಗಿ ಮಾಂಸವನ್ನು ಮೆದುವಾಗಿಡುತ್ತದೆ, ಅಡುಗೆಯವನ ಅಜಾಗರೂಕತೆಯನ್ನೂ ಮುಚ್ಚಿಕೊಳ್ಳುತ್ತದೆ. ಬೈಸನ್ನಿನಲ್ಲಿ ಆ ಕೊಬ್ಬಿಲ್ಲ. ಬಿಸಿ 60 ಡಿಗ್ರಿ ದಾಟಿತೆಂದರೆ ಸ್ನಾಯುವಿನ ಎಳೆಗಳು ಕುಗ್ಗಿ, ಒಳಗಿನ ನೀರನ್ನು ಹಿಂಡಿ ಹೊರಹಾಕತೊಡಗುತ್ತವೆ. ಎರಡು ನಿಮಿಷ ಹೆಚ್ಚಾದರೆ ತೊಗಲು. ಹುಡುಗನ ಪ್ರಶ್ನೆಗೆ ಉತ್ತರ ಇಷ್ಟೇ.

ಆ ಮಾಂಸದ ಗುಣವೇನೆಂದು ನೋಡಹೋದಾಗ ನನಗೆ ಒಂದು ಸೋಜಿಗ ಎದುರಾಯಿತು. ಅಮೆರಿಕೆಯ ಕೃಷಿ ಇಲಾಖೆಯ ಆಹಾರಕೋಷ್ಟಕದಲ್ಲಿ, ಕೊಬ್ಬು ತೆಗೆದ 100 ಗ್ರಾಂ ಹಸಿಯ ಬೈಸನ್ ಮಾಂಸಕ್ಕೆ 109 ಕ್ಯಾಲೊರಿ; ಅದರಲ್ಲಿ ಸುಮಾರು 21.6 ಗ್ರಾಂ ಪ್ರೋಟೀನು, 1.8 ಗ್ರಾಂ ಕೊಬ್ಬು, 2.6 ಮಿಲಿಗ್ರಾಂ ಕಬ್ಬಿಣ. ಅದೇ ಕೋಷ್ಟಕದಲ್ಲಿ ಇನ್ನೊಂದು ಪ್ರಾಣಿಯ ಲೆಕ್ಕವೂ ಇದೆ: 109 ಕ್ಯಾಲೊರಿ, 20.6 ಗ್ರಾಂ ಪ್ರೋಟೀನು, 2.3 ಗ್ರಾಂ ಕೊಬ್ಬು, 2.8 ಮಿಲಿಗ್ರಾಂ ಕಬ್ಬಿಣ. ಈ ಎರಡನೆಯ ಪ್ರಾಣಿ ಯಾವುದು? ನಮ್ಮ ಹಿತ್ತಿಲಲ್ಲಿ ಜಾಲಿಯ ಕಾಯಿ ತಿಂದು ಬೆಳೆಯುವ ಆಡು! ಹೊರನಾಡಿನಲ್ಲಿ ದೊಡ್ಡ ಬೆಲೆಗೆ ಮಾರುವ ಗುಣವೆಲ್ಲ ನಮ್ಮ ಬಡವರ ಆಡಿನಲ್ಲಿ ಹೆಚ್ಚುಕಡಿಮೆ ಇದ್ದಂತೆಯೇ ಇದೆ.

ಗುಣ ಒಂದೇ ಆದ ಮೇಲೆ ಕಷ್ಟವೂ ಒಂದೇ. ಕೊಬ್ಬಿಲ್ಲದ ಮಾಂಸವನ್ನು ಮೆದುವಾಗಿ ಮಾಡುವುದು ಹೇಗೆ? ಲೋಕದಲ್ಲಿ ಇದಕ್ಕೆ ಎರಡು ದಾರಿ. ಒಂದು, ಎಳೆಯ ಭಾಗವನ್ನು ಆರಿಸಿ ಬೇಗ ಇಳಿಸುವುದು. ಇದು ಸ್ಟೇಕಿನ ದಾರಿ. ಇನ್ನೊಂದು, ಯಾವ ಭಾಗವನ್ನೂ ಬಿಡದೆ, ಎಲುಬಿನೊಡನೆ, ನೀರಿನಲ್ಲಿ, ಸಣ್ಣ ಉರಿಯ ಮೇಲೆ, ತಾಳ್ಮೆಯಿಂದ ಬೇಯಿಸುವುದು. ಇದು ನಮ್ಮ ದಾರಿ. ಮೊದಲು ಗಟ್ಟಿಯಾದ ಮಾಂಸ, ಹೊತ್ತು ಕಳೆದಂತೆ ಮತ್ತೆ ಮೆದುವಾಗುತ್ತದೆ. ಎಳೆಗಳನ್ನು ಕಟ್ಟಿ ಹಿಡಿದ ಬಿಳಿಯ ನಾರು ನಿಧಾನವಾಗಿ ಕರಗಿ ಅಂಟಾಗಿ ರಸಕ್ಕೆ ಇಳಿಯುತ್ತದೆ. ನಮ್ಮ ಆಯಿ ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಿದ್ದಳು: “ಮಟನ್‌ಗೆ ಉರಿ ಬ್ಯಾಡ, ವ್ಯಾಳೆ ಬೇಕು.” ಮುದಿಯ ಆಡಿನ ಮಾಂಸವಾದರೆ ಹಸಿ ಪಪ್ಪಾಯಿಯ ಒಂದು ಹೋಳನ್ನು ಅರೆದು ಸವರುತ್ತಿದ್ದಳು. ಪಪ್ಪಾಯಿಯ ಹಾಲಿನಲ್ಲಿ ಪ್ರೋಟೀನನ್ನು ಕಡಿದುಹಾಕುವ ಪಪೈನ್ ಎಂಬ ಪದಾರ್ಥವಿದೆಯೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ.

ನಮ್ಮ ಗಡಿಯ ಈಚೆಯೂ ಆಚೆಯೂ ಮಟನ್ ಅಡುಗೆಯ ಕ್ರಮ ಒಂದೇ. ಭಾಷೆಗಳು ಜಗಳಾಡಿದಷ್ಟು ಗಡಿಗೆಗಳು ಜಗಳಾಡಲಿಲ್ಲ. ಮೊದಲು ಅರಿಸಿನ, ಉಪ್ಪು, ಶುಂಠಿ, ಬೆಳ್ಳುಳ್ಳಿ ಹಚ್ಚಿ, ನೀರು ಹಾಕಿ ಬೇಯಿಸುವುದು. ಹಾಗೆ ಇಳಿದ ಖಾರವಿಲ್ಲದ ತಿಳಿರಸಕ್ಕೆ ಅಳಣಿ ಎಂದು ಹೆಸರು. ಅದು ಕೂಸುಗಳಿಗೆ, ಜ್ವರದಿಂದ ಎದ್ದವರಿಗೆ. ಉಳಿದ ಅಳಣಿಯ ಒಂದು ಪಾಲಿಗೆ ಕೊಬ್ಬರಿಯ ಹಾಲು, ಎಳ್ಳು, ಗಸಗಸೆ ಅರೆದು ಹಾಕಿದರೆ ಬಿಳಿಯ ರಸ್ಸಾ. ಇನ್ನೊಂದು ಪಾಲಿಗೆ ಹುರಿದ ಉಳ್ಳಾಗಡ್ಡಿ, ಒಣಕೊಬ್ಬರಿ, ಸಂಕೇಶ್ವರದ ಮೆಣಸಿನಕಾಯಿಯ ಮಸಾಲಿ ಸೇರಿದರೆ ಕೆಂಪು ರಸ್ಸಾ. ತುಣುಕುಗಳನ್ನು ಬೇರೆ ತೆಗೆದು ಮಸಾಲಿಯಲ್ಲಿ ಹೊರಳಿಸಿದರೆ ಸುಕ್ಕಾ. ಕೊಬ್ಬಿಲ್ಲದ ಮಾಂಸಕ್ಕೆ ಹೊರಗಿನಿಂದ ಕೊಬ್ಬನ್ನು ಕೂಡಿಸುವ ಜಾಣ್ಮೆ ಇದರಲ್ಲಿದೆ. ಅಮೆರಿಕೆಯ ಬಯಲಿನ ಮೂಲನಿವಾಸಿಗಳೂ ಬೈಸನ್ ಮಾಂಸವನ್ನು ಒಣಗಿಸಿ ಕುಟ್ಟಿ, ಕರಗಿಸಿದ ಕೊಬ್ಬನ್ನೂ ಕಾಡುಹಣ್ಣನ್ನೂ ಬೆರೆಸಿ ‘ಪೆಮಿಕನ್’ ಎಂಬ ಬುತ್ತಿ ಕಟ್ಟುತ್ತಿದ್ದರು. ಬರಿಯ ತೆಳುಮಾಂಸದಿಂದ ಮನುಷ್ಯ ಬದುಕಲಾರನೆಂಬುದನ್ನು ಅವರೂ ಅನುಭವದಿಂದ ಬಲ್ಲವರಾಗಿದ್ದರು.

ಸ್ಟೇಕ್ ಒಬ್ಬನ ಊಟ. ಒಂದು ಹೋಳು, ಒಂದು ತಾಟು; ಅದರಲ್ಲಿ ಇನ್ನೊಬ್ಬನಿಗೆ ಪಾಲಿಲ್ಲ. ರಸ್ಸಾ ಹಾಗಲ್ಲ. ಒಂದು ಕಿಲೋ ಮಟನ್ ತಂದ ದಿನ ಬೀಗರು ಬಂದರೆ, ಬೀಗರ ಸಂಗಡ ಅವರ ಗೆಳೆಯರೂ ಬಂದರೆ, ಒಳಗಿನಿಂದ ಸಣ್ಣ ದನಿಯಲ್ಲಿ ಒಂದು ಆಜ್ಞೆ ಹೊರಡುತ್ತದೆ: “ಇನ್ನೊಂದು ತಂಬಿಗಿ ನೀರ ಹಾಕ.” ಹತ್ತು ಜನರ ಅಡುಗೆ ಹದಿನೈದು ಜನರಿಗೆ ಸಾಲುತ್ತದೆ. ಬಡತನದಿಂದ ಹುಟ್ಟಿದ ಔದಾರ್ಯದ ಅಡುಗೆ ಇದು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ಈ ಮೆಚ್ಚುಗೆಯ ಕೆಳಗೆ ಒಂದು ಕಹಿಯ ಲೆಕ್ಕವಿದೆ. ನೀರು ಹಾಕಿದರೆ ರುಚಿ ಹರಡುತ್ತದೆ, ಸತ್ವ ಹರಡುವುದಿಲ್ಲ. ಮಾಂಸದ ವಾಸನೆ, ಉಪ್ಪು, ಅಂಟು, ಸ್ವಲ್ಪ ಜೀವಸತ್ವ, ಇಷ್ಟು ರಸಕ್ಕೆ ಇಳಿಯುತ್ತವೆ. ಪ್ರೋಟೀನಿನ ಬಹುಪಾಲು, ಕಬ್ಬಿಣದ ಬಹುಪಾಲು ತುಣುಕಿನಲ್ಲಿಯೇ ಉಳಿಯುತ್ತವೆ. ಹಾಗಾದರೆ ತುಣುಕು ಯಾರ ತಾಟಿಗೆ ಬೀಳುತ್ತದೆ? ಮೊದಲ ಪಂಕ್ತಿ ಬೀಗರದು, ಹಿರಿಯ ಗಂಡಸರದು. ಎರಡನೆಯದು ಹುಡುಗರದು. ಕೊನೆಗೆ ಒಲೆಯ ಮುಂದೆಯೇ ಕುಳಿತು ಹೆಂಗಸರು ಉಣ್ಣುತ್ತಾರೆ. ಅವರಲ್ಲಿಯೂ ಕಟ್ಟಕಡೆಯ ಸರದಿ ಸೊಸೆಯದು. ಆ ಹೊತ್ತಿಗೆ ಗಡಿಗೆಯಲ್ಲಿ ರಸ್ಸಾ ಧಾರಾಳವಾಗಿ ಉಳಿದಿರುತ್ತದೆ. ರೊಟ್ಟಿ ಮುರಿದು, ರಸ್ಸಾದಲ್ಲಿ ನೆನೆಸಿ, “ರುಚಿ ಭಾರಿ ಆಗೇತಿ” ಎಂದು ನಮ್ಮ ಅವ್ವ ಹೇಳುತ್ತಿದ್ದ ಮಾತು ಸುಳ್ಳಲ್ಲ. ಅವಳ ಪಾಲಿಗೆ ಬಂದದ್ದು ರುಚಿಯೇ.

ದೇಹದ ಬೇಡಿಕೆ ಈ ಪಂಕ್ತಿಯ ಕ್ರಮಕ್ಕೆ ತೀರ ವಿರುದ್ಧವಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ 2020ರಲ್ಲಿ ಪ್ರಕಟಿಸಿದ ಪ್ರಮಾಣದಂತೆ ವಯಸ್ಕ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ ಸಾಕು. ಹೆಂಗಸಿಗೆ 29 ಮಿಲಿಗ್ರಾಂ ಬೇಕು. ತಿಂಗಳು ತಿಂಗಳು ರಕ್ತ ಕಳೆದುಕೊಳ್ಳುವ, ಹೆರುವ ದೇಹ ಅದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂದಿತು. ಅದೇ ವಯಸ್ಸಿನ ಗಂಡಸರಲ್ಲಿ ನೂರಕ್ಕೆ 25. ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 48. ರಕ್ತಹೀನತೆಗೆ ಕಾರಣಗಳು ಹಲವು. ಎಲ್ಲವನ್ನೂ ಊಟದ ಪಂಕ್ತಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಹಗಲೆಲ್ಲ ದುಡಿದು ಬಂದವಳು, ಮನೆಯಲ್ಲಿ ಬೀಡಿ ಕಟ್ಟುವವಳು, ಕಬ್ಬಿಗೆ ಕಳೆ ತೆಗೆಯುವವಳು, ಇವರ ತಾಟಿಗೆ ಬರುವ ತುಣುಕು ಎಷ್ಟೆಂಬ ಪ್ರಶ್ನೆ ಕ್ಷುಲ್ಲಕವೂ ಅಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. 100 ಗ್ರಾಂ ಆಡಿನ ಮಾಂಸದಲ್ಲಿರುವ 2.8 ಮಿಲಿಗ್ರಾಂ ಕಬ್ಬಿಣ, 29ರ ಮುಂದೆ ಅಲ್ಪವೆಂದು ತೋರಬಹುದು. ಆದರೆ ಮಾಂಸದ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳುತ್ತದೆ. ಕಾಳುಕಡಿಯ ಕಬ್ಬಿಣವನ್ನು ಅಷ್ಟು ಸುಲಭವಾಗಿ ಹೀರಲಾರದು. ಅಷ್ಟೇ ಅಲ್ಲ, ತಾಟಿನಲ್ಲಿ ನಾಲ್ಕು ತುಣುಕು ಇದ್ದರೆ, ಅದೇ ಊಟದ ರೊಟ್ಟಿ, ಪಲ್ಲೆಗಳಲ್ಲಿರುವ ಕಬ್ಬಿಣವೂ ಹೆಚ್ಚು ದೇಹಗತವಾಗುತ್ತದೆ. ಆದುದರಿಂದ ಗಂಡಸಿನ ತಾಟಿನಲ್ಲಿ ಹತ್ತನೆಯದಾಗಿ ಬೀಳುವ ತುಣುಕಿಗಿಂತ, ಹೆಂಗಸಿನ ತಾಟಿನಲ್ಲಿ ಮೊದಲನೆಯದಾಗಿ ಬೀಳುವ ತುಣುಕಿನ ಬೆಲೆ ದೊಡ್ಡದು. ಕೆಂಪು ಮಾಂಸವನ್ನು ಅತಿಯಾಗಿ ತಿನ್ನುವುದು ಕೇಡೆಂದು ವೈದ್ಯರು ಹೇಳುತ್ತಾರೆ. ಹೀಗಿರುವಾಗ, ಹೆಚ್ಚಾದ ತಾಟಿನಿಂದ ತೆಗೆದು ಕಡಿಮೆಯಾದ ತಾಟಿಗೆ ಹಾಕಿದರೆ ಇಬ್ಬರಿಗೂ ಹಿತ.

ನಮ್ಮ ಸೀಮೆಯಲ್ಲಿ ಮಾಂಸವನ್ನು ಮುಟ್ಟದ ಮನೆಗಳೂ ಬಹಳ. ನಮ್ಮ ಓಣಿಯಲ್ಲಿಯೇ ಸೂರ್ಯ ಮುಳುಗುವುದರೊಳಗೆ ಉಂಡು ಮುಗಿಸುವ ಜೈನ ಮನೆತನಗಳು ಇವೆ. ಅವರ ಮುಂದೆ ಈ ಮಾತನ್ನು ಆಡುವುದು ಅವರ ವ್ರತವನ್ನು ಅಲುಗಿಸುವುದಕ್ಕಲ್ಲ. ಜೋಳದ ರೊಟ್ಟಿ, ಬೇಳೆ, ಕಾಳಿನ ಪಲ್ಲೆ, ಸೊಪ್ಪು ಇವುಗಳಲ್ಲಿಯೂ ಕಬ್ಬಿಣ ಉಂಟು. ಊಟದ ಜೊತೆ ಲಿಂಬಿಹಣ್ಣು ಹಿಂಡಿಕೊಂಡರೆ ಅದು ಹೆಚ್ಚು ದಕ್ಕುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಕಡಿಮೆ ದಕ್ಕುತ್ತದೆ. ಆದರೆ ಅಲ್ಲಿಯೂ ಪ್ರಶ್ನೆ ಅದೇ: ದಪ್ಪನೆಯ ಬೇಳೆ ಯಾರಿಗೆ, ಮೇಲಿನ ತಿಳಿ ಯಾರಿಗೆ? ಹಾಲಿನ ಕೆನೆ ಯಾರಿಗೆ?

ಅಡುಗೆಯ ವಿಷಯದಲ್ಲಿ ನಾವು ಪಾಕವನ್ನು ಕುರಿತು ಎಷ್ಟು ಮಾತಾಡುತ್ತೇವೋ, ಬಡಿಸುವುದನ್ನು ಕುರಿತು ಅಷ್ಟು ಆಡುವುದಿಲ್ಲ. ಸಂಕೇಶ್ವರದ ಮೆಣಸಿನಕಾಯಿಯೋ ಬ್ಯಾಡಗಿಯೋ ಎಂದು ಒಂದು ಸಂಜೆಯೆಲ್ಲ ವಾದಿಸಬಲ್ಲೆವು. ಸೌಟನ್ನು ಗಡಿಗೆಯ ತಳದವರೆಗೆ ಇಳಿಸಿ ಎತ್ತಬೇಕೋ, ಮೇಲೆಮೇಲೆ ಎತ್ತಬೇಕೋ ಎಂಬುದು ವಾದದ ವಿಷಯವೇ ಅಲ್ಲವೆಂದು ತಿಳಿದಿದ್ದೇವೆ. ಅಡುಗೆಮನೆಯ ನಿಜವಾದ ರಾಜಕಾರಣ ಆ ಸೌಟಿನ ಆಳದಲ್ಲಿದೆ.

ಇದಕ್ಕೆ ಸರಕಾರದ ಯೋಜನೆ ಬೇಕಾಗಿಲ್ಲ, ಹೆಚ್ಚಿನ ಖರ್ಚೂ ಇಲ್ಲ. ಮಟನ್ ಬೆಂದ ಮೇಲೆ, ಯಾವ ಪಂಕ್ತಿಯೂ ಕೂಡುವ ಮೊದಲು, ಬಸುರಿಗೆ, ಬಾಣಂತಿಗೆ, ಬೆಳೆಯುವ ಹುಡುಗಿಗೆ, ಬೇಯಿಸಿದವಳಿಗೆ ಸಲ್ಲಬೇಕಾದ ತುಣುಕುಗಳನ್ನು ಎಣಿಸಿ ಒಂದು ಮುಚ್ಚಿದ ಬಟ್ಟಲಲ್ಲಿ ತೆಗೆದಿಟ್ಟರೆ ಆಯಿತು. ಬೀಗರು ಬಂದರೆ ಬರಲಿ. ಗಡಿಗೆಗೆ ಇನ್ನೊಂದು ತಂಬಿಗೆ ನೀರು ಬೀಳಲಿ. ಆ ನೀರಿನ ಪಾಲು ಈ ಸಲ ಎಲ್ಲರ ತಾಟಿಗೂ ಸಮನಾಗಿ ಬರಲಿ.