ಕೊಳಚೆಯ ಕೆಸರು, ಒಲೆಯ ಉರಿ
(ಹೈದರಾಬಾದಿನ ಕನ್ನಡ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲಿನಲ್ಲಿ ತಟ್ಟೆ ಲೋಟ ತೊಳೆದ ನೀರು, ಗಿರಣಿಯ ಕಕ್ಕಸಿನ ನೀರು ಮೋರಿಗೆ ಬಿದ್ದರೆ ಕೆಲಸ ಮುಗಿಯಿತೆಂದು ನಾವು ತಿಳಿಯುತ್ತೇವೆ. ಅಲ್ಲಿಂದ ಮುಂದೆಯೂ ಕೆಲಸವಿದೆ. ಅದನ್ನು ಮಾಡುವವರೂ ನಮ್ಮಂತೆ ದುಡಿದು ತಿನ್ನುವ ಜನ.

ಈ ಊರಿನ ಮೋರಿಗೂ ಕನ್ನಡಿಗರಿಗೂ ಹಳೆಯ ನಂಟುಂಟು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಮಂದಿ ಸತ್ತರು. ಮರುವರ್ಷ ನಿಜಾಮ ಸರ್ಕಾರ ಕರೆಸಿಕೊಂಡದ್ದು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ನೆರೆ ತಡೆಯುವ ಜಲಾಶಯಗಳ ಜೊತೆಗೆ ನಗರದ ಒಳಚರಂಡಿಗೂ ಅವರು ಯೋಜನೆ ಹಾಕಿಕೊಟ್ಟರು. ಈಗ ಮೂಸಿಯ ದಡದ ಅಂಬರ್‌ಪೇಟೆಯ ಘಟಕವೊಂದೇ ದಿನಕ್ಕೆ 33 ಕೋಟಿ 90 ಲಕ್ಷ ಲೀಟರ್ ಕೊಳಚೆ ನೀರನ್ನು ಶುದ್ಧಿಮಾಡುವ ಸಾಮರ್ಥ್ಯದ್ದು. 2021ರಲ್ಲಿ ಮಂಜೂರಾದ ಯೋಜನೆಯಲ್ಲಿ 31 ಹೊಸ ಘಟಕಗಳಿವೆ.

ನೀರು ತಿಳಿಯಾದರೆ ತಳದಲ್ಲಿ ಕೆಸರು ಉಳಿಯುತ್ತದೆ. ಗಾಳಿ ಊದಿ ಶುದ್ಧಿಮಾಡುವ ಘಟಕಗಳಲ್ಲಿ ಈ ಕೆಸರೆಂದರೆ ಬಹುಮಟ್ಟಿಗೆ ಸೂಕ್ಷ್ಮಜೀವಿಗಳ ರಾಶಿ. ಅದನ್ನು ಗಾಳಿಯಾಡದ ತೊಟ್ಟಿಯಲ್ಲಿ ಸುಮಾರು 35 ಡಿಗ್ರಿ ಶಾಖದಲ್ಲಿಟ್ಟರೆ, ಬೇರೆ ಜಾತಿಯ ಜೀವಾಣುಗಳು ತಿಂದು ಕರಗಿಸಿ ಮೀಥೇನ್ ಅನಿಲ ಕೊಡುತ್ತವೆ. ಅದು ಒಲೆಗೂ ಆದೀತು, ಯಂತ್ರಕ್ಕೂ ಆದೀತು. ಆದರೆ ಈ ಜೀರ್ಣಕ್ಕೆ ಎರಡು ಮೂರು ವಾರ ಬೇಕು. ಆಮೇಲೂ ಬಹಳಷ್ಟು ಕೆಸರು ಕರಗದೆ ಉಳಿಯುತ್ತದೆ.

ಏಕೆ? ಹೋಟೆಲಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ನೆನೆಸಿದ ಅಕ್ಕಿ ಉದ್ದನ್ನು ರುಬ್ಬದೆ ಪಾತ್ರೆಯಲ್ಲಿಟ್ಟು, ಬೆಳಗಾಗುವುದರಲ್ಲಿ ಹಿಟ್ಟು ಉಬ್ಬಲೆಂದು ಕಾಯುವ ಭಟ್ಟರುಂಟೇ? ಮೊದಲು ಕಾಳು ಒಡೆಯಬೇಕು, ಆಮೇಲೆ ಹುಳಿ. ಕೆಸರಿನ ಒಂದೊಂದು ಜೀವಾಣುವಿಗೂ ಗಟ್ಟಿ ಗೋಡೆಯಿದೆ, ಮೇಲೆ ಅಂಟಿನ ಹೊದಿಕೆಯಿದೆ. ಅದು ಒಡೆಯದೆ ಒಳಗಿನ ಸತ್ವ ಹೊರಬರದು.

ಈ ರುಬ್ಬುವ ಕೆಲಸವನ್ನು ವಿದ್ಯುತ್ತಿನಿಂದ ಮಾಡಿಸಲು ವಿಜ್ಞಾನಿಗಳು ಪ್ರಯತ್ನಿಸಿದ್ದಾರೆ. ಕೆಸರಿನೊಳಗೆ ಎರಡು ಲೋಹದ ಫಲಕಗಳನ್ನು ಇಳಿಸಿ ವಿದ್ಯುತ್ ಹರಿಸುತ್ತಾರೆ. ಕೊಳಚೆಯಲ್ಲಿರುವ ಉಪ್ಪಿನಿಂದ ಅಲ್ಲಿಯೇ ಕ್ಲೋರಿನ್ ಹುಟ್ಟುತ್ತದೆ. ಬಟ್ಟೆ ಚಲುವೆ ಮಾಡುವ ಗಿರಣಿಯವರಿಗೆ ಅದರ ಉರಿ ಗೊತ್ತು. ಅದು ಗೋಡೆಯನ್ನು ಕೊರೆದು ಒಳಗಿನದನ್ನು ನೀರಿಗೆ ಬಿಡಿಸುತ್ತದೆ. ಜೀರ್ಣ ಚುರುಕಾಗುತ್ತದೆ, ಅನಿಲ ಹೆಚ್ಚುತ್ತದೆ. ಆದರೆ ಹದ ತಪ್ಪಬಾರದು. ಅತಿಯಾದರೆ ಅನಿಲವಾಗಬೇಕಾದ ಸತ್ವವೇ ಸುಟ್ಟುಹೋಗುತ್ತದೆ. ಉಳಿದ ಕ್ಲೋರಿನ್ ಅನಿಲ ಕೊಡುವ ಜೀವಾಣುಗಳನ್ನೂ ಕೊಲ್ಲುತ್ತದೆ. ಲೆಕ್ಕವೂ ಕೂಡಬೇಕು. ಹಾಕಿದ ವಿದ್ಯುತ್ತಿಗಿಂತ ಬಂದ ಅನಿಲದ ಬೆಲೆ ಕಡಿಮೆಯಾದರೆ, ಇಡ್ಲಿಗಿಂತ ರುಬ್ಬುವ ಕೂಲಿಯೇ ದುಬಾರಿಯಾದಂತೆ. ಅದಕ್ಕೇ ಈ ವಿಧಾನ ಬಹುಮಟ್ಟಿಗೆ ಪ್ರಯೋಗಶಾಲೆಯಲ್ಲೇ ಇದೆ.

ಕಸದಿಂದ ಉರಿ ತೆಗೆಯುವುದು ಮಾತ್ರ ಕನಸಲ್ಲ. ಬೋಯಿನ್‌ಪಲ್ಲಿಯ ತರಕಾರಿ ಮಾರುಕಟ್ಟೆಯಲ್ಲಿ, ಇದೇ ಊರಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯ ವಿಧಾನದಿಂದ, ಕೊಳೆತ ತರಕಾರಿಯನ್ನು ಅನಿಲವಾಗಿಸಿದರು. 2021ರ ವೇಳೆಗೆ ದಿನಕ್ಕೆ ಸುಮಾರು 10 ಟನ್ ಕಸದಿಂದ 500 ಯೂನಿಟ್ ವಿದ್ಯುತ್ ಬರುತ್ತಿತ್ತು. ಅಲ್ಲಿನ ಕ್ಯಾಂಟೀನಿನ ಒಲೆಯೂ ಉರಿಯುತ್ತಿತ್ತು.

ಬಂಧುಗಳೇ, ತೊಟ್ಟಿಯಲ್ಲಿ ಹಿಡಿದಿಟ್ಟರೆ ಅನ್ನ ಬೇಯಿಸುವ ಈ ಅನಿಲವೇ ಮುಚ್ಚಿದ ಮೋರಿಯಲ್ಲಿ ಯಮನಾಗುತ್ತದೆ. ಜೊತೆಗೆ ಹುಟ್ಟುವ ಗಂಧಕದ ವಿಷಾನಿಲ ಒಂದೆರಡು ಉಸಿರಿನಲ್ಲಿ ಪ್ರಾಣ ತೆಗೆಯಬಲ್ಲದು. ರಕ್ಷಣೆಯ ಸಾಧನವಿಲ್ಲದೆ ಮನುಷ್ಯನನ್ನು ಮೋರಿಗೆ ಇಳಿಸುವುದು 2013ರ ಕಾನೂನಿನಂತೆ ಅಪರಾಧ. ಹಾಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಣದಿಂದ ಹೋದ ಜೀವ ಬಾರದು.

ಆದ್ದರಿಂದ ನಾವು ಎರಡು ಮಾತು ನಡೆಸೋಣ. ಕರಿದ ಎಣ್ಣೆ, ಅನ್ನದ ಅಗುಳು ಮೋರಿಗೆ ಹೋಗದಂತೆ ಬಾಯಿಗೆ ಜಾಲರಿ ಹಾಕೋಣ. ಮೋರಿ ಕಟ್ಟಿತೆಂದು ಧಣಿಗಳು ಯಾರನ್ನಾದರೂ ಇಳಿಸಹೊರಟರೆ, ಯಂತ್ರ ತರಿಸಿ ಎಂದು ಒಟ್ಟಾಗಿ ಹೇಳೋಣ. ವಿಜ್ಞಾನ ಕೆಸರಿನಿಂದ ಉರಿ ತೆಗೆಯಲಿ. ಅದರ ದಾರಿಯಲ್ಲಿ ಯಾರ ಮನೆಯ ದೀಪವೂ ಆರದಿರಲಿ.