ದೊಡ್ಡಸ್ವಾಮಿಯವರು: ಮೈಸೂರು ಸೀಮೆಯಲ್ಲಿ ಅಬ್ಬೆ ದ್ಯುಬ್ವಾ



ಯುರೋಪಿನ ಅರಸರು, ಕುಲೀನರು, ಪಾದ್ರಿಗಳು, ಚಿಂತಕರು. ಇವರಲ್ಲಿ ಯಾರ ಬದುಕನ್ನಾದರೂ ಆರಿಸಿಕೊಂಡು ಈ ದತ್ತಿ ಉಪನ್ಯಾಸದಲ್ಲಿ ಮಾತಾಡಿ ಎಂದು ನನಗೆ ಹೇಳಿದ್ದರು. ನೆಪೋಲಿಯನ್ ಇದ್ದಾನೆ, ವೋಲ್ತೇರ್ ಇದ್ದಾನೆ. ಅವರ ಬಗ್ಗೆ ಹೇಳುವವರಿಗೆ ಬರವಿಲ್ಲ. ಮೂರು ದಶಕ ನಮ್ಮ ಸೀಮೆಗಳಲ್ಲೇ ಓಡಾಡಿ, ನಮ್ಮವರಂತೆ ಪೇಟ ಸುತ್ತಿಕೊಂಡು ಬದುಕಿದ ಒಬ್ಬ ಫ್ರೆಂಚ್ ಪಾದ್ರಿಯನ್ನು ನಾನು ಆರಿಸಿಕೊಂಡೆ. ಹೆಸರು ಜಾನ್ ಆಂತ್ವಾನ್ ದ್ಯುಬ್ವಾ. ಇಂಗ್ಲಿಷರ ಬಾಯಲ್ಲಿ ಅಬ್ಬೆ ದ್ಯುಬ್ವಾ, ನಮ್ಮ ಹಳ್ಳಿಗರ ಬಾಯಲ್ಲಿ ದೊಡ್ಡಸ್ವಾಮಿಯವರು. ಆತ ಊರು ಬಿಟ್ಟು ಎಷ್ಟೋ ವರ್ಷಗಳಾದ ಮೇಲೂ ಇಲ್ಲಿನ ಜನ ಆತನನ್ನು ಯಾವುದೋ ರಾಜನ ಮಗನೆಂದೇ ನಂಬಿದ್ದರಂತೆ. ರಾಜನ ಮಗನೇನಲ್ಲ. ಆದರೆ ಆ ಕಾಲದ ಯುರೋಪಿನ ದೊಡ್ಡ ದೊಡ್ಡವರೆಲ್ಲ ಈತನ ಕಥೆಯೊಳಗೆ ಒಂದೊಂದು ಬಾಗಿಲಿನಿಂದ ಹಾದುಹೋಗುತ್ತಾರೆ.

ಆತ ಪಾದ್ರಿ ದೀಕ್ಷೆ ಪಡೆದದ್ದು 1792ರಲ್ಲಿ. ಫ್ರಾನ್ಸಿನ ಕ್ರಾಂತಿ ಚರ್ಚಿನ ಮೇಲೆ ತಿರುಗಿಬಿದ್ದಿದ್ದ ಕಾಲ ಅದು. ಪ್ಯಾರಿಸಿನ ವಿದೇಶ ಮಿಷನ್ನುಗಳ ಸಂಘ ಆತನನ್ನು ಪುದುಚೇರಿಗೆ ಕಳಿಸಿತು. ಕ್ರಾಂತಿಯಿಂದ ದೂರ ಬಂದೆ ಅಂದುಕೊಂಡಿದ್ದರೆ ಅದೂ ಸುಳ್ಳಾಯಿತು. ಇಂಗ್ಲಿಷರು ಆಮೇಲೆ ಪ್ರಕಟಿಸಿದ ಕಾಗದಪತ್ರಗಳನ್ನು ನಂಬುವುದಾದರೆ, 1797ರಲ್ಲಿ ಶ್ರೀರಂಗಪಟ್ಟಣದಲ್ಲೇ ಫ್ರೆಂಚರು ಜಾಕೊಬಿನ್ ಕ್ಲಬ್ಬು ಕಟ್ಟಿ, ಸ್ವಾತಂತ್ರ್ಯದ ಮರ ನೆಟ್ಟಿದ್ದರು. ಅಂದರೆ ಕ್ರಾಂತಿಯು ಪಾದ್ರಿಗಿಂತ ಮುಂಚೆಯೇ ಕಾವೇರಿ ದಂಡೆಗೆ ಬಂದು ಕೂತಿತ್ತು.

1799ರ ಮಾರ್ಚಿನಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿದ ಇಂಗ್ಲಿಷರ ಜನರಲ್ ಹ್ಯಾರಿಸನ ಸೈನ್ಯ ಆನೇಕಲ್ಲಿನ ಕಡೆಯಿಂದ ಬಂದು ಕಾನಕಾನಹಳ್ಳಿ, ಎಂದರೆ ಇಂದಿನ ಕನಕಪುರ, ಮಳವಳ್ಳಿಗಳ ಮೂಲಕ ಪಟ್ಟಣಕ್ಕೆ ಸಾಗಿತು. ಬೆಂಗಳೂರಿನ ಬನಶಂಕರಿ, ಜೆ.ಪಿ. ನಗರಗಳನ್ನು ದಾಟಿ ನಾವು ಹಿಡಿಯುವ ಕನಕಪುರ ರಸ್ತೆಯ ಸೀಮೆ ಅದು. ನಿಜಾಮನ ಪಡೆಯ ಹೊಣೆ ಹೊತ್ತು ಆ ಸೈನ್ಯದಲ್ಲಿದ್ದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಹತನಾದ, ಪಟ್ಟಣದ ಉಸ್ತುವಾರಿ ವೆಲ್ಲೆಸ್ಲಿಯ ಕೈಗೆ ಬಂತು. ಹದಿನಾರು ವರ್ಷ ಕಳೆದ ಮೇಲೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಡ್ಯೂಕ್ ಇವನೇ. ಟಿಪ್ಪುವಿನ ಕಾಲದಲ್ಲಿ ಬಲವಂತಕ್ಕೆ ಸಿಕ್ಕಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ದ್ಯುಬ್ವಾ ಪಟ್ಟಣಕ್ಕೆ ಬಂದದ್ದು ಇವನ ಶಿಫಾರಸಿನಿಂದ. ಫ್ರಾನ್ಸಿನ ಮೇಲೆ ಯುದ್ಧ ಹೂಡಿದ್ದ ಇಂಗ್ಲಿಷರು ಒಬ್ಬ ಫ್ರೆಂಚನನ್ನು ನಂಬಿ ಒಳಗೆ ಬಿಟ್ಟುಕೊಂಡರು. ಕ್ರಾಂತಿಗೆ ಹೆದರಿ ಬಂದವನು ಗೂಢಚಾರನಾಗಲಾರ ಎಂಬ ಲೆಕ್ಕ ಇದ್ದಿರಬೇಕು. ಇದು ನನ್ನ ಊಹೆ, ಅಷ್ಟೇ.

ಆ ಮೇಲೆ ಆತ ಮಾಡಿದ್ದನ್ನು ನೋಡಿ. ಹಾಸನದ ಹತ್ತಿರ ಸಾತಳ್ಳಿಯಲ್ಲಿ ನೆಲೆ ಕಳೆದುಕೊಂಡ ಕುಟುಂಬಗಳನ್ನು ಬೇಸಾಯಕ್ಕೆ ಹಚ್ಚಿದ. ಬೆಂಗಳೂರಿನಲ್ಲಿ ಇಂದು ಶಿವಾಜಿನಗರದ ಸಂತ ಮರಿಯಮ್ಮನ ಬೆಸಿಲಿಕಾ ಇರುವ ಕಡೆ ಮೊದಲ ಹುಲ್ಲು ಚಾವಣಿಯ ಪ್ರಾರ್ಥನಾಲಯ ಕಟ್ಟಿಸಿದ್ದೂ ಈತನೇ ಎನ್ನುತ್ತಾರೆ. ಆದರೆ ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿಯ ಇಗರ್ಜಿಯನ್ನೂ ಕೆಲವರು ಈತನ ತಲೆಗೇ ಕಟ್ಟುತ್ತಾರೆ. ಆ ಕಟ್ಟಡಕ್ಕೆ ಸಾಮಾನ್ಯವಾಗಿ ಹೇಳುವ ಕಾಲ 1860ರ ದಶಕ. ದ್ಯುಬ್ವಾ ತೀರಿಕೊಂಡದ್ದು 1848ರಲ್ಲಿ, ಅದೂ ಪ್ಯಾರಿಸಿನಲ್ಲಿ. ಪ್ರವಾಸದ ಫಲಕಗಳನ್ನು ನಂಬುವ ಮುಂಚೆ ಒಮ್ಮೆ ಕಳೆಯುವ ಲೆಕ್ಕ ಮಾಡಿಕೊಳ್ಳುವುದು ಒಳ್ಳೆಯದು.

ನನ್ನ ಮಟ್ಟಿಗೆ ಆತನ ದೊಡ್ಡ ಕೆಲಸ ಸಿಡುಬಿನದು. ಜೆನ್ನರನ ಲಸಿಕೆ ಮುಂಬಯಿಗೆ ಬಂದದ್ದು 1802ರ ಜೂನ್‌ನಲ್ಲಿ. ಅದಕ್ಕೆ ಮುಂಚೆ ನಮ್ಮಲ್ಲಿ ಕೆಲವೆಡೆ ರೋಗಿಯ ಕೀವನ್ನೇ ಚುಚ್ಚಿ ದೇವಿ ಹಾಕುವ ಪದ್ಧತಿ ಇತ್ತು, ಅದರಲ್ಲಿ ಸಾವಿನ ಭಯವೂ ಇತ್ತು. ಹೊಸ ಲಸಿಕೆ ಹಸುವಿನ ರೋಗದಿಂದ ಬಂದದ್ದು, ಜಾತಿ ನೋಡದೆ ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ಹೋಗುವಂಥದ್ದು. ಒಪ್ಪಿಸುವುದು ಸುಲಭವಿರಲಿಲ್ಲ. ಮೈಸೂರು ಅರಮನೆಯ ಹೆಂಗಸರು ಇಲ್ಲಿ ಮುಂದಾದರೆಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಥಾಮಸ್ ಹಿಕಿ 1805ರ ಸುಮಾರಿಗೆ ಬರೆದ ಚಿತ್ರವೊಂದರಲ್ಲಿ ರಾಣಿಯೊಬ್ಬಳು ಸೆರಗು ಸರಿಸಿ ತೋಳು ತೋರುತ್ತಿದ್ದಾಳೆ. ಅದು ಲಸಿಕೆ ಹಾಕಿಸಿಕೊಂಡ ಜಾಗ, ಚಿತ್ರವೇ ಒಂದು ಪ್ರಚಾರ ಎಂಬುದು ಅವರ ಓದು. ಅರಮನೆ ಮಾದರಿ ತೋರಿಸಿತೆಂದೇ ಇಟ್ಟುಕೊಳ್ಳಿ, ಊರೂರಿಗೆ ಹೋಗಿ ತೋಳು ಹಿಡಿಯುವವರು ಬೇಕಲ್ಲ. 1803-04ರಲ್ಲಿ ದ್ಯುಬ್ವಾನ ಉಸ್ತುವಾರಿಯಲ್ಲಿ 25 ಸಾವಿರಕ್ಕೂ ಹೆಚ್ಚು ಜನಕ್ಕೆ ಲಸಿಕೆ ಹಾಕಲಾಯಿತೆಂದು ದಾಖಲೆ ಹೇಳುತ್ತದೆ.

ಇಷ್ಟಾದರೂ ಲೋಕ ಆತನನ್ನು ನೆನೆಯುವುದು ಇದಕ್ಕಲ್ಲ. ಒಂದು ಪುಸ್ತಕಕ್ಕೆ.

ಹಿಂದೂಗಳ ನಡೆನುಡಿ, ಆಚಾರ, ಸಂಸ್ಕಾರಗಳನ್ನು ಕುರಿತು ಆತ ಫ್ರೆಂಚಿನಲ್ಲಿ ಬರೆದಿಟ್ಟಿದ್ದ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ನೋಡಿದ. ಮೈಸೂರಿನ ಇತಿಹಾಸ ಬರೆದ ವಿಲ್ಕ್ಸ್ ಇವನೇ. ಮುಂದೆ ಈತ ಸೇಂಟ್ ಹೆಲೆನಾ ದ್ವೀಪದ ಗವರ್ನರನಾದ. 1815ರ ಅಕ್ಟೋಬರಿನಲ್ಲಿ ನೆಪೋಲಿಯನ್ ಕೈದಿಯಾಗಿ ಅಲ್ಲಿಗೆ ಬಂದಿಳಿದಾಗಲೂ ಆ ಹುದ್ದೆಯಲ್ಲಿದ್ದ. ವಿಲ್ಕ್ಸ್ ಹಸ್ತಪ್ರತಿಯನ್ನು ಮೆಚ್ಚಿ ಮದರಾಸಿಗೆ ಕಳಿಸಿದ. ಅಲ್ಲಿ ಗವರ್ನರ್ ಲಾರ್ಡ್ ವಿಲಿಯಂ ಬೆಂಟಿಂಕ್ ಇನ್ನೂ ಹೆಚ್ಚು ಮೆಚ್ಚಿದ. ಈಸ್ಟ್ ಇಂಡಿಯಾ ಕಂಪನಿ ಅದನ್ನು 2,000 ಸ್ಟಾರ್ ಪಗೋಡ ನಾಣ್ಯ ಕೊಟ್ಟು ಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಅನುವಾದ ಹೊರಬಂತು. 1829ರಲ್ಲಿ ಸತಿಯನ್ನು ನಿಷೇಧಿಸಿ, 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತ ಕಿತ್ತುಕೊಂಡವನು ಇದೇ ಬೆಂಟಿಂಕ್. ಒಂದು ಪುಸ್ತಕದಿಂದ ಇಷ್ಟೆಲ್ಲ ಆಯಿತೆಂದು ನಾನು ಹೇಳುತ್ತಿಲ್ಲ. ಆದರೆ ಈ ಜನ ಹೀಗೆಯೇ ಎಂದು ತಿಳಿಯಲು ಆಳುವವರು ಕೈಗೆತ್ತಿಕೊಂಡ ಪುಸ್ತಕಗಳಲ್ಲಿ ಇದು ಮುಂಚೂಣಿಯದು.

ಆ ಪುಸ್ತಕ ಎಂಥದ್ದು? ವಿವರ ಅಪಾರ, ಓದಿಸಿಕೊಂಡೂ ಹೋಗುತ್ತದೆ. ಬ್ರಾಹ್ಮಣರ ಮನೆಯ ನಿತ್ಯಕರ್ಮದಿಂದ ಹಿಡಿದು ಸಾವಿನ ಸಂಸ್ಕಾರದವರೆಗೆ ಎಲ್ಲವೂ ಇದೆ. ಆದರೆ ಸಾತಳ್ಳಿಯಲ್ಲಿ ನೇಗಿಲು ಹಿಡಿದವರು, ಆತನ ಸುತ್ತ ನಿಜವಾಗಿ ಇದ್ದವರು, ಅದರಲ್ಲಿ ಅಂಚಿಗೆ ಸರಿದಿದ್ದಾರೆ. ಜಾತಿವ್ಯವಸ್ಥೆಯನ್ನು ಆತ ಹಿಂದೂ ಕಟ್ಟಳೆಗಳ ಅತ್ಯುತ್ತಮ ಸಾಧನೆ ಎಂಬಂತೆ ಹೊಗಳಿದ. ತನ್ನ ಊರಿನಲ್ಲಿ ಎಲ್ಲ ಕಟ್ಟಳೆಗಳೂ ಕುಸಿದುಬಿದ್ದ ಗಾಬರಿ ಆತನಲ್ಲಿ ಇನ್ನೂ ಆರಿರಲಿಲ್ಲ ಎಂದು ಆ ಪುಟಗಳನ್ನು ಓದುವಾಗ ಅನ್ನಿಸುತ್ತದೆ. ಕಾರಣ ಏನೇ ಇರಲಿ, ಆ ಹೊಗಳಿಕೆಯನ್ನು ನಾನು ಒಪ್ಪಲಾರೆ.

ಇನ್ನೊಂದು ತೊಡಕಿದೆ, ಹೆಚ್ಚು ದೊಡ್ಡದು. ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮುರ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಪುಸ್ತಕದ ಬಹುಪಾಲು ದ್ಯುಬ್ವಾನ ಸ್ವಂತದ್ದಲ್ಲ ಎಂದು ತೋರಿಸಿಕೊಟ್ಟರು. ಮೂಲ ಗಾಸ್ತೋನ್ ಲೊರಾನ್ ಕೆರ್ದೂ ಎಂಬ ಜೆಸ್ವಿಟ್ ಪಾದ್ರಿಯದು. ಅದನ್ನು 1777ರ ಹೊತ್ತಿಗೆ ದೆವೋ ಎಂಬ ಫಿರಂಗಿದಳದ ಅಧಿಕಾರಿ ಸಂಕಲಿಸಿಟ್ಟಿದ್ದ. ಕೆರ್ದೂ ಸಾಮಾನ್ಯನಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ನೆಂಟಸ್ತಿಕೆಯನ್ನು ವಿಲಿಯಂ ಜೋನ್ಸ್ 1786ರಲ್ಲಿ ಸಾರಿದನೆಂದು ನಾವೆಲ್ಲ ಓದಿದ್ದೇವೆ. ಕೆರ್ದೂ ಅದನ್ನು 1767ರಲ್ಲೇ ಪ್ಯಾರಿಸಿನ ಅಕಾಡೆಮಿಗೆ ಬರೆದು ತಿಳಿಸಿದ್ದ. ಆತ ಕೆಲಸ ಮಾಡಿದ್ದು ಹೆಚ್ಚಾಗಿ ತೆಲುಗು ನಾಡಿನಲ್ಲಿ. ಹಾಗಾದರೆ ಮೈಸೂರಿನಲ್ಲಿ ಕೂತವನು ಕಣ್ಣಾರೆ ಕಂಡದ್ದೆಂದು ಇಂಗ್ಲಿಷ್ ಅಧಿಕಾರಿಗಳು ಓದಿದ ಎಷ್ಟೋ ಸಂಗತಿ ಬೇರೆ ಸೀಮೆಯದು, ಹಿಂದಿನ ತಲೆಮಾರಿನದು. ನಮ್ಮ ಅಜ್ಜಂದಿರನ್ನು ಅವರು ತೆಲುಗರ ಮುತ್ತಜ್ಜಂದಿರ ಲೆಕ್ಕದಲ್ಲಿ ಅಳೆದರು. 1897ರಲ್ಲಿ ಹೊಸ ಆವೃತ್ತಿ ತಂದ ಬೋಶಾಂಪನಿಗಾಗಲಿ, ಅದಕ್ಕೆ ಮುನ್ನುಡಿ ಬರೆದ ಮ್ಯಾಕ್ಸ್ ಮುಲ್ಲರನಿಗಾಗಲಿ ಇದು ಗೊತ್ತಿರಲಿಲ್ಲ.

ಕದ್ದನೇ? ಆ ಕಾಲದಲ್ಲಿ ಮಿಷನ್ನಿನ ಕಾಗದಗಳನ್ನು ಒಬ್ಬರದನ್ನು ಇನ್ನೊಬ್ಬರು ಮುಂದುವರಿಸುತ್ತಿದ್ದರು ಎಂದು ಸಮಾಧಾನ ಹೇಳುವವರಿದ್ದಾರೆ. ಇರಬಹುದು. 2,000 ಪಗೋಡ ತೆಗೆದುಕೊಳ್ಳುವಾಗಲಾದರೂ ಕೆರ್ದೂನ ಹೆಸರು ಹೇಳಬಹುದಿತ್ತು ಎಂಬುದು ನನ್ನ ಪಕ್ಷ.

ಆದರೆ ಆತನದೇ ಎಂದು ಯಾರೂ ಅಲ್ಲಗಳೆಯಲಾಗದ ಇನ್ನೊಂದು ಪುಸ್ತಕವಿದೆ, ಅದನ್ನು ಓದುವವರು ಕಡಿಮೆ. 1823ರ ಜನವರಿಯಲ್ಲಿ ಕಂಪನಿಯ ಪಿಂಚಣಿ ಪಡೆದು ಆತ ಹಡಗು ಹತ್ತಿದ. ಅದೇ ವರ್ಷ ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಆತನ ಪತ್ರಗಳು ಲಂಡನ್ನಿನಲ್ಲಿ ಅಚ್ಚಾದವು. ಹಿಂದೂಗಳನ್ನು ಮತಾಂತರಿಸುವುದು ಆಗದ ಮಾತು ಎಂದು ಅವುಗಳಲ್ಲಿ ಬಿಚ್ಚಿ ಹೇಳಿದ. ಸ್ಥಳೀಯ ಸಹಾಯಕನೊಬ್ಬನ ಜೊತೆ ಸೇರಿ ಅಷ್ಟು ವರ್ಷಗಳಲ್ಲಿ ತಾನು ಹೊಸದಾಗಿ ಕ್ರೈಸ್ತರನ್ನಾಗಿ ಮಾಡಿದ್ದು ಇನ್ನೂರರಿಂದ ಮುನ್ನೂರು ಜನ, ಅವರಲ್ಲೂ ಬಹುಪಾಲು ಗತಿಯಿಲ್ಲದೆ ಬಂದವರು ಎಂದು ಲೆಕ್ಕ ಒಪ್ಪಿಸಿದ. ಬಡವರ ಬಗ್ಗೆ ಆ ಮಾತಿನಲ್ಲಿ ಇರುವ ತಾತ್ಸಾರ ಚುಚ್ಚುತ್ತದೆ. ಆದರೂ ಬೈಬಲ್ಲಿನ ಅನುವಾದಗಳನ್ನು ರಾಶಿ ರಾಶಿ ಹಂಚಿ ಗೆದ್ದೆವೆಂದು ಮಿಷನರಿಗಳು ವರದಿ ಬರೆಯುತ್ತಿದ್ದ ಕಾಲದಲ್ಲಿ ಹೀಗೆ ಬರೆಯಲು ಎದೆ ಬೇಕು. 1824ರಲ್ಲೇ ಹಾಫ್, ಟೌನ್ಲಿ ಎಂಬ ಪ್ರೊಟೆಸ್ಟಂಟ್ ಪಾದ್ರಿಗಳು ಖಂಡಿಸಿ ಪುಸ್ತಕಗಳನ್ನೇ ಬರೆದರು.

ಪ್ಯಾರಿಸಿಗೆ ಹಿಂತಿರುಗಿದವನು ಪಂಚತಂತ್ರವನ್ನು ಫ್ರೆಂಚಿಗೆ ತಂದ. ಅದು 1826ರಲ್ಲಿ ಬಂತು. ಹತ್ತು ವರ್ಷ ಕಳೆದು, 1836ರಿಂದ 1839ರವರೆಗೆ, ತನ್ನನ್ನು ಇಲ್ಲಿಗೆ ಕಳಿಸಿದ್ದ ಸಂಘದ ಗುರುಕುಲಕ್ಕೇ ಮುಖ್ಯಸ್ಥನಾಗಿದ್ದ. ಆಗದ ಕೆಲಸವೆಂದು ತಾನೇ ಸಾರಿದ್ದಕ್ಕೆ ಹುಡುಗರನ್ನು ತಯಾರು ಮಾಡಿ ಏಷ್ಯಾಕ್ಕೆ ಕಳಿಸುವ ಹುದ್ದೆ ಅದು. ಅದೇ ಸಂಘದ ಪಾದ್ರಿಗಳು ಮುಂದೆಯೂ ಮೈಸೂರು ಸೀಮೆಗೆ ಬರುತ್ತಲೇ ಇದ್ದರು.